ಅಂಚಿಗೆ ಸಮಯ ಕೊಡುವ ಕಾಗದ: ಆರ್ಚಸ್ 300 ಜಿಎಸ್‌ಎಂ ಜೊತೆ ನಾಲ್ಕು ವರ್ಷ

ನಾಲ್ಕು ವರ್ಷದಿಂದ ನಾನು ಜಲವರ್ಣಕ್ಕೆ ಒಂದೇ ಕಾಗದ ಬಳಸುತ್ತಿದ್ದೇನೆ. ಆರ್ಚಸ್, 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಕ), ಕೋಲ್ಡ್ ಪ್ರೆಸ್, ಅಂದರೆ ಮೈ ಸ್ವಲ್ಪ ಒರಟಾಗಿರುವ ಕಾಗದ. ಫ್ರೆಂಚರು ಇದನ್ನು ಆರ್ಶ್ ಅನ್ನುತ್ತಾರೆ, ನಮ್ಮ ಕಡೆ ಎಲ್ಲರ ಬಾಯಲ್ಲೂ ಆರ್ಚಸ್. ಬಣ್ಣದ ಬಗ್ಗೆ, ಬ್ರಷ್ ಬಗ್ಗೆ ಕೇಳುವವರು ಬಹಳ ಜನ. ಕಾಗದದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಈ ನಾಲ್ಕು ವರ್ಷದಲ್ಲಿ ನನ್ನ ಚಿತ್ರಗಳಲ್ಲಿ ದೊಡ್ಡದಾಗಿ ಬದಲಾಗಿದ್ದು ಅಂಚುಗಳು. ಅದಕ್ಕೆ ಕಾರಣ ಈ ಕಾಗದ.

ಮೊದಲು ನಾನು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪ್ಯಾಡ್ ಒಂದರಲ್ಲಿ ಬರೆಯುತ್ತಿದ್ದೆ. ಮರದ ತಿರುಳಿನ ಕಾಗದ, ಬೆಲೆ ಕಡಿಮೆ. ಆಕಾಶಕ್ಕೆ ನೀಲಿ ಹಚ್ಚಿ, ಗುಡ್ಡಕ್ಕೆ ಬೇಕಾದ ಬಣ್ಣ ಕಲಸಿ ತಿರುಗುವಷ್ಟರಲ್ಲಿ ಆಕಾಶ ಅಲ್ಲಲ್ಲಿ ಒಣಗಿರುತ್ತಿತ್ತು. ಗುಡ್ಡದ ಅಂಚು ಅರ್ಧ ಹರಡುತ್ತಿತ್ತು, ಅರ್ಧ ಗೆರೆ ಎಳೆದಂತೆ ನಿಲ್ಲುತ್ತಿತ್ತು. ಎಲ್ಲಿ ಹರಡಬೇಕು, ಎಲ್ಲಿ ನಿಲ್ಲಬೇಕು ಅನ್ನೋದನ್ನು ಕಾಗದವೇ ತೀರ್ಮಾನ ಮಾಡುತ್ತಿತ್ತು. ಹಾಗಾಗಿ ಪೂರ್ತಿ ಒಣಗಿದ ಮೇಲೇ ಮುಂದಿನ ಬಣ್ಣ ಹಚ್ಚೋದು ರೂಢಿ ಆಯಿತು. ಚಿತ್ರದಲ್ಲಿದ್ದ ಮರ, ಮನೆ, ಮನುಷ್ಯ ಎಲ್ಲವೂ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ.

ಅಂಚು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಒಣಗಿದ ಕಾಗದದ ಮೇಲೆ ಒದ್ದೆ ಬ್ರಷ್ ಇಟ್ಟರೆ ಗಟ್ಟಿ ಅಂಚು ಬರುತ್ತದೆ. ಒದ್ದೆ ಕಾಗದದ ಮೇಲೆ ಇಟ್ಟರೆ ಮೆತ್ತನೆಯ ಅಂಚು. ಬ್ರಷ್‌ನಲ್ಲಿ ನೀರು ಕಡಿಮೆ ಇಟ್ಟುಕೊಂಡು ಒರಟು ಕಾಗದದ ಮೇಲೆ ಅಡ್ಡಡ್ಡ ಎಳೆದರೆ ಬಣ್ಣ ಉಬ್ಬುಗಳಿಗಷ್ಟೇ ತಾಗಿ ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ. ಅದು ಹರಕು ಅಂಚು. ಪಕ್ಕಪಕ್ಕದ ಎರಡು ಆಕಾರಗಳು ಒಂದೇ ಗಾಢತೆಯಲ್ಲಿದ್ದು, ಒದ್ದೆ ಇರುವಾಗಲೇ ಒಂದರೊಳಗೊಂದು ಸೇರಿಬಿಟ್ಟರೆ ಅಂಚೇ ಕಾಣೆಯಾಗುತ್ತದೆ. ನೋಡುವ ಕಣ್ಣು ಮೊದಲು ಗಟ್ಟಿ ಅಂಚಿಗೆ ಹೋಗುತ್ತದೆ. ಎಲ್ಲ ಕಡೆ ಗಟ್ಟಿ ಅಂಚೇ ಇದ್ದರೆ ಕಣ್ಣು ಎಲ್ಲಿಗೆ ಹೋಗಬೇಕು ಹೇಳಿ?

ಕಾಫಿ ಲೋಟ ಇಟ್ಟ ಜಾಗದಲ್ಲಿ ಒಣಗಿದ ಕಲೆ ನೋಡಿರುತ್ತೀರಿ. ನಡುವೆ ತಿಳಿ, ಸುತ್ತ ಕಪ್ಪು ಗೆರೆ. ಹನಿಯ ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಅದನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಹರಿಯುವಾಗ ಪುಡಿಯನ್ನೂ ಹೊತ್ತುಕೊಂಡು ಹೋಗಿ ಅಲ್ಲೇ ಬಿಡುತ್ತದೆ. ಜಲವರ್ಣದಲ್ಲಿ ಗಟ್ಟಿ ಅಂಚಿಗೆ ಆ ಸಣ್ಣ ಕಪ್ಪು ಗೆರೆ ಬರುವುದೂ ಹೀಗೇ. ಅಂದರೆ ಅಂಚು ಅನ್ನೋದು ನೀರು ಮತ್ತು ಸಮಯದ ವಿಷಯ. ಗೆರೆ ಎಳೆಯುವ ಕೈಯ ಪಾತ್ರ ಆಮೇಲೆ.

ಈ ಕಾಗದ ಕೊಡುವುದು ಆ ಸಮಯವನ್ನೇ. ಪೂರ್ವ ಫ್ರಾನ್ಸಿನ ವೋಜ್ ಪ್ರದೇಶದಲ್ಲಿ, ಮೊಸೆಲ್ ನದಿಯ ದಡದಲ್ಲಿ ಆರ್ಶ್ ಅನ್ನೋ ಊರಿದೆ. ಅಲ್ಲಿನ ಕಾಗದದ ಕಾರ್ಖಾನೆಯ ಚರಿತ್ರೆ 1492ರಿಂದ ಶುರುವಾಗುತ್ತದೆ. ಕಾಗದ ನೂರಕ್ಕೆ ನೂರು ಹತ್ತಿಯದು. ಹತ್ತಿಯ ನಾರಿಗೆ ಜೆಲಟಿನ್ ಅಂಟು ಉಣಿಸಿರುತ್ತಾರೆ, ಅದು ಮೇಲ್ಮೈಯಲ್ಲಿ ಮಾತ್ರವಲ್ಲ, ಒಳಗೂ ಇರುತ್ತದೆ. ಹಾಗಾಗಿ ನೀರು ತಕ್ಷಣ ಒಳಗಿಳಿಯುವುದಿಲ್ಲ. ಮೇಲೆ ನಿಂತು, ನಿಧಾನವಾಗಿ, ಎಲ್ಲ ಕಡೆ ಒಂದೇ ಸಮನಾಗಿ ಇಳಿಯುತ್ತದೆ. ಒಣಗುವುದೂ ಒಂದೇ ಸಮ. ನನಗೆ ಮುಖ್ಯವಾಗಿದ್ದು ಇದೇ.

ಒಂದು ಚಿತ್ರದ ವಿಷಯ ಹೇಳುತ್ತೇನೆ. ಶಿರಸಿ ಹತ್ತಿರದ ನಮ್ಮ ಅಜ್ಜಿಮನೆ. ಮುಂದೆ ಹಂಚಿನ ಮಾಡು, ಹಿಂದೆ ಅಡಿಕೆ ತೋಟ, ತೋಟದ ಮೇಲೆ ಮಂಜು. ಮೊದಲು ಮಾಡಿನ ಆಕಾರ ಬಿಟ್ಟು ಉಳಿದ ಕಾಗದಕ್ಕೆಲ್ಲ ಬರೀ ನೀರು ಹಚ್ಚಿದೆ. ಮಾಡಿನ ತುದಿಗೆ ನೀರು ತಾಗಬಾರದು, ಅಲ್ಲಿ ಕಾಗದ ಒಣಗಿರಬೇಕು. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದೆ. ಕಾಗದ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಣ್ಣ ಎಲ್ಲೆಲ್ಲೋ ಓಡುತ್ತದೆ, ಆಗ ಮಂಜಿನ ಬೂದು ಬಣ್ಣ ಬಿಡಬಹುದು. ಹೊಳಪು ಇಳಿದು ರೇಷ್ಮೆಯ ಮಿನುಗು ಉಳಿದಾಗ ಅಡಿಕೆ ಮರಗಳ ತಲೆ. ಬಣ್ಣ ಸ್ವಲ್ಪ ಹರಡಿ ಅಲ್ಲೇ ನಿಲ್ಲುತ್ತದೆ. ಮಿನುಗೂ ಹೋಗಿ, ಹಿಂಗೈ ಇಟ್ಟರೆ ತಣ್ಣಗೆ ಮಾತ್ರ ಅನಿಸುವಾಗ ಹತ್ತಿರದ ಮರಗಳ ಕಾಂಡ, ದಪ್ಪ ಬಣ್ಣದಲ್ಲಿ. ಅದರ ಅಂಚು ಕೂದಲೆಳೆಯಷ್ಟೇ ಮೆತ್ತಗಾಗುತ್ತದೆ. ತೋಟದ ಕಪ್ಪು ಹಸಿರನ್ನು ಕೆಳಗಿಳಿಸುತ್ತಾ ಬಂದು ಒಣಗಿದ ಮಾಡಿನ ತುದಿಗೆ ತಾಗಿಸಿದೆ. ಅಲ್ಲಿ ಅಂಚು ಚಾಕುವಿನಲ್ಲಿ ಕೊಯ್ದಂತೆ ನಿಂತಿತು. ಒಂದೇ ಒದ್ದೆಯಲ್ಲಿ ಮೂರು ಥರದ ಅಂಚು. ಹಳೆಯ ಪ್ಯಾಡಿನಲ್ಲಿ ಇದು ನನಗೆ ಒಮ್ಮೆಯೂ ಆಗಿರಲಿಲ್ಲ.

ಅಮ್ಮಮ್ಮ ಹಿಂದೆ ನಿಂತು ನೋಡುತ್ತಿದ್ದರು. "ಈ ಮರದ ತಲೆ ಎಲ್ಲಿ ಹೋತೇ ಕೂಸೇ?" ಅಂದರು. ಮಂಜು ತೋರಿಸಿದೆ. ತೋಟದ ಕಡೆ ನೋಡಿ, ಮತ್ತೆ ಕಾಗದ ನೋಡಿ, "ಹೌದು, ಅಲ್ಲೂ ಕಾಣ್ತಿಲ್ಲೆ" ಅಂದರು. ಆವತ್ತು ನನಗಾದ ಖುಷಿ ಇನ್ನೂ ನೆನಪಿದೆ.

ಹೊಸಬರಿಗೆ ಒಂದು ಮಾತು. ಮಿನುಗಿನ ಹಂತ ದಾಟಿದ ಮೇಲೆ ಬ್ರಷ್‌ನಲ್ಲಿರುವ ನೀರು ಕಾಗದದಲ್ಲಿರುವ ನೀರಿಗಿಂತ ಕಡಿಮೆ ಇರಲೇಬೇಕು. ಜಾಸ್ತಿ ಆದರೆ ಆ ನೀರು ಒಣಗುತ್ತಿರುವ ಬಣ್ಣವನ್ನು ತಳ್ಳಿ, ಹೂಕೋಸಿನ ಹಾಗೆ ಸುರುಳಿ ಸುರುಳಿ ಅಂಚು ಮಾಡುತ್ತದೆ. ನಾನು ಬ್ರಷ್ ಕಾಗದಕ್ಕೆ ತಾಗಿಸುವ ಮುಂಚೆ ಪ್ರತಿ ಸಲ ಹಳೇ ಪಂಚೆ ತುಂಡಿಗೆ ಒತ್ತುತ್ತೇನೆ. ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಥ್ಯಾಲೊ ನೀಲಿ ಒದ್ದೆಯಲ್ಲಿ ಸಿಕ್ಕಾಪಟ್ಟೆ ಓಡುತ್ತದೆ. ಅಲ್ಟ್ರಾಮರೀನ್ ಕಣಕಣವಾಗಿ ತಗ್ಗುಗಳಲ್ಲಿ ಕೂರುತ್ತದೆ. ಮಂಜಿನ ಅಂಚಿಗೆ ನಾನು ಅಲ್ಟ್ರಾಮರೀನ್ ಬಿಟ್ಟು ಬೇರೆ ನೀಲಿ ಮುಟ್ಟುವುದಿಲ್ಲ.

ಹವಾಮಾನದ ವಿಷಯವನ್ನು ಎಲ್ಲೂ ಓದಿರಲಿಲ್ಲ, ಬಳಸಿಯೇ ಕಲಿತೆ. ನಾನು ಇರುವುದು ಧಾರವಾಡದಲ್ಲಿ. ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿದರೂ ಹೊಳಪು ಇಳಿಯಲು ನಾಲ್ಕೈದು ನಿಮಿಷ ಸಾಕು. ಜುಲೈನಲ್ಲಿ ಶಿರಸಿಯಲ್ಲಿ ಅದೇ ಕಾಗದ, ಅಷ್ಟೇ ನೀರು, ಇಪ್ಪತ್ತು ನಿಮಿಷ ಕಾದರೂ ಹೊಳೆಯುತ್ತಲೇ ಇರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕಷ್ಟ ತಿರುಗುಮುರುಗು. ಮೆತ್ತನೆಯ ಅಂಚು ಕೇಳದೆಯೇ ಬರುತ್ತದೆ, ಗಟ್ಟಿ ಅಂಚಿಗೆ ಕಾಯಬೇಕು. ಅಲ್ಲಿ ನಾನು ಎರಡು ಚಿತ್ರ ಜೊತೆಗೇ ಶುರು ಮಾಡುತ್ತೇನೆ, ಒಂದು ಒಣಗುವವರೆಗೆ ಇನ್ನೊಂದು. ಧಾರವಾಡದ ಬೇಸಿಗೆಯಲ್ಲಿ ಕಾಗದದ ಹಿಂಬದಿಗೂ ನೀರು ಹಚ್ಚಿ, ಅಕ್ರಿಲಿಕ್ ಹಲಗೆಗೆ ಅಂಟಿಸಿಕೊಂಡು ಕೂರುತ್ತೇನೆ. ಆಗ ಅಲ್ಲೂ ಹದಿನೈದು ನಿಮಿಷ ಸಿಗುತ್ತದೆ.

ಕಾಗದದ ಗಟ್ಟಿತನಕ್ಕೆ ನಾನು ಮಾಡಿದ ದೊಡ್ಡ ಪರೀಕ್ಷೆಗೆ ಕಾರಣ ಕೆ. ವೆಂಕಟಪ್ಪನವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಅವರ ಊಟಿ ಚಿತ್ರಗಳನ್ನು ನೋಡಿದ್ದೆ. ಗುಡ್ಡ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಬಹಳ ಹೊತ್ತು ನಿಂತಿದ್ದೆ. ಅವರು ಮೈಸೂರು ಸೀಮೆಯಿಂದ ಕಲ್ಕತ್ತಾಕ್ಕೆ ಹೋಗಿ ಅಬನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. 1903ರಲ್ಲಿ ಜಪಾನಿನ ಕಲಾವಿದರಾದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಕಲ್ಕತ್ತಾಕ್ಕೆ ಬಂದಿದ್ದರು. ತೈಕಾನ್ ಕಾಗದವನ್ನು ಒದ್ದೆ ಮಾಡುವ ರೀತಿ ನೋಡಿದ ಅಬನೀಂದ್ರರು ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ಚಿತ್ರವನ್ನೇ ನೀರಿನಲ್ಲಿ ಮುಳುಗಿಸಿ ತೆಗೆದು, ಮತ್ತೆ ಬಣ್ಣ ಹಚ್ಚುವ ಪದ್ಧತಿ ಬೆಳೆಸಿದರು. ಪ್ರತಿ ಮುಳುಗಿಗೂ ಅಂಚುಗಳು ಇನ್ನಷ್ಟು ಮೆತ್ತಗಾಗುತ್ತವೆ.

ನಾನೂ ಒಂದು ಚಿತ್ರವನ್ನು ಚೆನ್ನಾಗಿ ಒಣಗಿಸಿ, ಅಗಲವಾದ ಟಬ್‌ನಲ್ಲಿ ತಣ್ಣೀರು ತುಂಬಿ ಮುಳುಗಿಸಿದೆ. ಒಟ್ಟು ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿಸಿ. ಕಾಗದದ ಮೈ ಏಳಲಿಲ್ಲ, ನೂಲು ಬರಲಿಲ್ಲ. ಸಡಿಲವಾಗಿದ್ದ ಪುಡಿ ತೊಳೆದುಹೋಗಿ, ಉಳಿದ ಬಣ್ಣ ಒಳಗಿನಿಂದ ಬಂದಂತೆ ಕಂಡಿತು. ಆ ಚಿತ್ರ ಈಗ ನನ್ನ ಮೇಜಿನ ಎದುರಿಗಿದೆ.

ತೊಂದರೆಗಳೂ ಇವೆ. ಮೊದಲನೆಯದು ಬೆಲೆ. ಒಂದು ಪೂರ್ತಿ ಹಾಳೆ ಕೊಳ್ಳುವ ದುಡ್ಡಿಗೆ ಸಾದಾ ಪ್ಯಾಡ್ ಒಂದು ಬರುತ್ತದೆ, ಇನ್ನೂ ಚಿಲ್ಲರೆ ಉಳಿಯುತ್ತದೆ. ಕಲಿಯುವ ಮಕ್ಕಳಿಗೆ ಇದು ನಿಜಕ್ಕೂ ಭಾರ. ಜೆಲಟಿನ್ ಪ್ರಾಣಿಯ ಮೂಲದ್ದು. ಅದು ಬೇಡ ಅನ್ನುವವರು ಜೆಲಟಿನ್ ಇಲ್ಲದ ಅಂಟು ಹಾಕಿದ ಹತ್ತಿ ಕಾಗದ ಹುಡುಕುವುದು ಒಳ್ಳೆಯದು. ಹತ್ತಿ ಕಾಗದದಲ್ಲಿ ಬಣ್ಣ ಆಳಕ್ಕೆ ಕೂರುವುದರಿಂದ, ಒಣಗಿದ ಮೇಲೆ ಒರೆಸಿ ಎತ್ತುವುದು ಸುಲಭವಲ್ಲ. ಒರೆಸಿ ತಿದ್ದುವ ರೂಢಿ ಇದ್ದವರಿಗೆ ಮರದ ತಿರುಳಿನ ಕಾಗದವೇ ಹಗುರ.

ಇನ್ನೊಂದು, ಇಡುವ ಜಾಗ. ಎರಡನೇ ವರ್ಷ ನಾಲ್ಕು ಹಾಳೆಗಳನ್ನು ಅಜ್ಜಿಮನೆಯ ಗೋಡೆ ಪಕ್ಕದ ಟ್ರಂಕಿನಲ್ಲಿಟ್ಟು ಬಂದಿದ್ದೆ. ಒಂದು ಮಳೆಗಾಲ ಕಳೆದು ತೆಗೆದಾಗ ನೋಡಲು ಏನೂ ಆಗಿರಲಿಲ್ಲ. ಬಣ್ಣ ಹಚ್ಚಿದ ಕೂಡಲೇ ಚುಕ್ಕಿ ಚುಕ್ಕಿ ಕಪ್ಪಾಗಿ ಒಳಗಿಳಿಯಿತು. ತೇವಕ್ಕೆ ಅಂಟು ಕೆಟ್ಟಿತ್ತು. ಅಂಟು ಹೋದ ಮೇಲೆ ಅದು ಒತ್ತುಕಾಗದವೇ, ಯಾವ ಅಂಚೂ ನಿಲ್ಲುವುದಿಲ್ಲ. ಆ ಹಾಳೆಗಳು ಪೆನ್ಸಿಲ್ ಕೆಲಸಕ್ಕೆ ಹೋದವು. ಈಗ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಧಾರವಾಡದಲ್ಲೇ ಮಂಚದ ಕೆಳಗೆ ಮಟ್ಟಸವಾಗಿ ಇಡುತ್ತೇನೆ.

ಕೊಳ್ಳುವುದಾದರೆ ಪ್ಯಾಡ್ ಬೇಡ, 56 × 76 ಸೆಂಟಿಮೀಟರಿನ ಒಂದೇ ಒಂದು ಬಿಡಿ ಹಾಳೆ ತನ್ನಿ. ಮಡಚಿ, ಉಗುರಿನಿಂದ ಗೀರಿ, ಸ್ಕೇಲ್ ಒತ್ತಿ ಹರಿದರೆ 28 × 19ರ ಎಂಟು ತುಂಡು ಆಗುತ್ತವೆ. ಮೊದಲ ತುಂಡಿನಲ್ಲಿ ಚಿತ್ರ ಬರೆಯಬೇಡಿ. ಪೂರ್ತಿ ಒದ್ದೆ ಮಾಡಿ, ಗಡಿಯಾರ ನೋಡಿಕೊಂಡು ಎರಡೆರಡು ನಿಮಿಷಕ್ಕೆ ಒಂದೊಂದು ಅಲ್ಟ್ರಾಮರೀನ್ ಗೆರೆ ಎಳೆಯಿರಿ. ಪಕ್ಕದಲ್ಲಿ ಪೆನ್ಸಿಲ್‌ನಿಂದ ನಿಮಿಷ ಬರೆಯಿರಿ. ಮೊದಲ ಗೆರೆ ಮೋಡವಾಗಿರುತ್ತದೆ, ಕೊನೆಯದು ತಂತಿಯಾಗಿರುತ್ತದೆ. ಧಾರವಾಡದ ಏಪ್ರಿಲ್‌ನದು, ಶಿರಸಿಯ ಜುಲೈನದು, ಹೀಗೆ ನನ್ನ ಹತ್ತಿರ ಅಂಥ ಆರು ತುಂಡುಗಳಿವೆ. ಇವತ್ತಿಗೂ ಬ್ರಷ್ ಹಿಡಿಯುವ ಮುಂಚೆ ಆ ತಿಂಗಳಿನದನ್ನು ತೆಗೆದು ಪಕ್ಕಕ್ಕಿಟ್ಟುಕೊಳ್ಳುತ್ತೇನೆ.