ನೀಲಿ ಬಣ್ಣ ನೋಡಿ ಯುಎಸ್‌ಬಿ ಕೇಬಲ್ ಕೊಳ್ಳಬೇಡಿ

ಮೈಸೂರಿನ ದೇವರಾಜ ಅರಸು ರಸ್ತೆಯ ಆಸುಪಾಸಿನಲ್ಲಿ ಕಂಪ್ಯೂಟರ್ ಸಾಮಾನು ಕೊಳ್ಳುವವರು ದಯವಿಟ್ಟು ಓದಿ. ಪ್ಲಗ್ಗಿನೊಳಗೆ ನೀಲಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಕೇಬಲ್ ಯುಎಸ್‌ಬಿ 3.0, ಅಂದರೆ ವೇಗದ ಬಗೆಯದು, ಅಲ್ಲ. ಅಲ್ಲವೇ ಅಲ್ಲ.

ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಫೈಲ್ ಇಡುವ ಡ್ರೈವ್ ಆದ ಎಸ್‌ಎಸ್‌ಡಿಗೆ, ಅದನ್ನು ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸಲು, ಕೇಸ್ ಮತ್ತು ಕೇಬಲ್ ಬೇಕಿತ್ತು. 3.0 ಸಾಕು ಎಂದೆ. ‘ಅದು ಹಳೆಯದಾಯಿತು ಸಾರ್, ಇದು 3.2 ಜೆನ್ 1, ಅದರ ಎರಡರಷ್ಟು ವೇಗ’ ಎಂದು ಅಂಗಡಿಯವರು ಹೆಚ್ಚು ಹಣ ಕಿತ್ತರು. ಸುಳ್ಳು! 3.2 ಜೆನ್ 1 ಎಂದರೆ 2008ರಲ್ಲಿ ಬಂದ ಅದೇ 3.0. ನಡುವೆ 3.1 ಜೆನ್ 1 ಎಂದಾಯಿತು, ಆಮೇಲೆ ಈ ಹೆಸರು. ವೇಗ ಅದೇ, ಸೆಕೆಂಡಿಗೆ 5 ಗಿಗಾಬಿಟ್. ಎರಡರಷ್ಟು ಬೇಕಾದರೆ ಜೆನ್ 2 ಕೊಡಬೇಕಿತ್ತು.

ಹೋಗಲಿ, ಆ 5 ಆದರೂ ಸಿಕ್ಕಿತೇ? ಗಿರಾಕಿಗಳು ಪಕ್ಕದಲ್ಲೇ ಕುಳಿತಿದ್ದಾರೆ, ಫೈಲ್ ಸಾಗುತ್ತಲೇ ಇಲ್ಲ. ಸೆಕೆಂಡಿಗೆ 40 ಮೆಗಾಬೈಟ್ (ಒಂದು ಬೈಟ್ ಎಂದರೆ ಎಂಟು ಬಿಟ್, ಹಾಗಾಗಿ ಇದು ಗಿಗಾಬಿಟ್ಟಿನ ಮೂರನೇ ಒಂದು ಭಾಗದಷ್ಟೇ) ದಾಟಲಿಲ್ಲ. ಅದು 2000ನೇ ಇಸವಿಯ ಹಳೆಯ ಯುಎಸ್‌ಬಿ 2.0ರ ವೇಗ! ‘ಇನ್ನೂ ಎಷ್ಟು ಹೊತ್ತು?’ ಎಂದು ಅವರು ಕೇಳುವಾಗ ಮುಖ ಎಲ್ಲಿಡಲಿ?

ಅವರು ಹೋದ ಮೇಲೆ ಪ್ಲಗ್ಗಿನೊಳಗೆ ಟಾರ್ಚ್ ಬಿಟ್ಟೆ. ಚಪ್ಪಟೆ, ಆಯತಾಕಾರದ ಬಾಯಿಯ (ಟೈಪ್ ಎ) 3.0 ಪ್ಲಗ್ಗಿನಲ್ಲಿ ಮುಂದೆ ನಾಲ್ಕು, ಆಳದಲ್ಲಿ ಐದು, ಒಟ್ಟು ಒಂಬತ್ತು ಪಿನ್ ಇರಬೇಕು. ಇಲ್ಲಿ ನಾಲ್ಕೇ. ನಾಲ್ಕೇ! ಹಿಂದೆ ಬರೀ ನೀಲಿ ಪ್ಲಾಸ್ಟಿಕ್. 2.0 ಕೇಬಲ್ಲಿಗೆ ನೀಲಿ ವೇಷ ತೊಡಿಸಿ ಮಾರಿದ್ದಾರೆ.

ಅಂಗಡಿಗೆ ಹೋದರೆ ಮೊದಲ ಉತ್ತರ, ‘ನಿಮ್ಮ ಲ್ಯಾಪ್‌ಟಾಪ್ ಹಳೆಯದು ಸಾರ್.’ ಅದೇ ಲ್ಯಾಪ್‌ಟಾಪ್, ಅದೇ ಕೇಸ್, ಗೆಳೆಯನ ಕೇಬಲ್ ಹಾಕಿ ಅವರೆದುರೇ ತೋರಿಸಿದೆ. ಸೆಕೆಂಡಿಗೆ 400 ಮೆಗಾಬೈಟ್ ದಾಟಿತು. ಆಗ, ‘ಇನ್ನೊಂದು ತುದಿ ಟೈಪ್ ಸಿ ಅಲ್ಲವೇ, ಅದು ಹೊಸದೇ.’ ಟೈಪ್ ಸಿ ಎಂಬುದು ಬಾಯಿಯ ಆಕಾರ ಮಾತ್ರ, ಒಳಗೆ 2.0 ಇರಬಹುದು ಎಂದರೆ, ‘ಫೈಲ್ ಹೋಗುತ್ತಿದೆಯಲ್ಲ, ಮತ್ತೇನು ತೊಂದರೆ?’ ಎಂದರು. ಫೈಲ್ ಹೋಗುತ್ತಿದೆಯಂತೆ! ಕೊನೆಗೆ, ‘ಪ್ಯಾಕ್ ಒಡೆದಿದ್ದೀರಿ, ವಾಪಸ್ ಇಲ್ಲ.’ ಒಡೆಯದೆ ಪಿನ್ ಎಣಿಸುವುದು ಹೇಗೆ?

ಅಂಗಡಿಯಲ್ಲೇ ಪ್ಯಾಕ್ ತೆಗೆಸಿ ಒಂಬತ್ತು ಪಿನ್ ಎಣಿಸಿ. 3.1, 3.2 ಎಂಬ ಮಾತು ಬೇಡ, ಎಷ್ಟು ಗಿಗಾಬಿಟ್ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ನಾನು ಬಿಲ್ಲು, ಕೇಬಲ್ ಎರಡನ್ನೂ ಜೋಪಾನ ಮಾಡಿ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.