ಜೆಜ್ವೆ, ಫಿನ್, ಜೆಬೆನಾ: ಮೂರು ದೇಶದ ಕಾಫಿ ಪಾತ್ರೆಗಳ ಹೋಲಿಕೆ

ಟರ್ಕಿಗೆ ಜೆಜ್ವೆ, ವಿಯೆಟ್ನಾಮಿಗೆ ಫಿನ್, ಇಥಿಯೋಪಿಯಕ್ಕೆ ಜೆಬೆನಾ. ಮೂರರಲ್ಲೂ ಆಗುವುದು ಕಾಫಿಯೇ ಆದರೂ ಕೂರುವ ರೀತಿ, ಕಾಯುವ ಹೊತ್ತು, ಬಗ್ಗಿಸುವ ಕೈ ಎಲ್ಲ ಬೇರೆ. ಅದನ್ನು ಗೊತ್ತುಮಾಡುವುದು ಬಹುಪಾಲು ಆ ಪಾತ್ರೆಯೇ. ಹಾಗಾಗಿ ಇಲ್ಲಿ ರುಚಿಗಷ್ಟೇ ಅಂಕ ಕೊಟ್ಟಿಲ್ಲ. ಮೂರು ಸಂಗತಿ ನೋಡಿದ್ದೇವೆ: ಪ್ರವಾಸಕ್ಕೆ ಹೋದವರಿಗೆ ಆ ಜನರ ಬದುಕು ಎಷ್ಟು ಹತ್ತಿರದಿಂದ ಕಾಣುತ್ತದೆ, ಮಾಡುವಾಗ ಎಲ್ಲಿ ಕೆಡುತ್ತದೆ, ಪಾತ್ರೆಯನ್ನು ಮನೆಗೆ ತಂದರೆ ಬಳಕೆಗೆ ಬರುತ್ತದೆಯೇ ಅಥವಾ ಶೋಕೇಸಿಗೆ ಹೋಗುತ್ತದೆಯೇ.

ಜೆಜ್ವೆ

ತಳ ಅಗಲ, ಕತ್ತು ಕಿರಿದು, ಉದ್ದ ಹಿಡಿ. ಒಳಗೆ ಕಲಾಯಿ ಹಾಕಿದ ದಪ್ಪ ತಾಮ್ರದ್ದಾದರೆ ಶಾಖ ಸಮನಾಗಿ ಹರಡುತ್ತದೆ. ಆ ಕಿರಿದಾದ ಕತ್ತಿನಲ್ಲೇ ಎಲ್ಲ ಮರ್ಮ ಇರುವುದು, ನೊರೆ ದಟ್ಟವಾಗಿ ನಿಲ್ಲುವುದು ಅಲ್ಲಿ. ಒಂದು ಕಪ್ಪಿಗೆ 65 ಮಿಲಿ ತಣ್ಣೀರು, 7 ಗ್ರಾಂ ಪುಡಿ. ಪುಡಿ ಮೈದಾದಷ್ಟು ನುಣ್ಣಗಿರಬೇಕು, ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಸಕ್ಕರೆಯನ್ನೂ ಈಗಲೇ ಹಾಕಿ, ಒಲೆಗೆ ಇಡುವ ಮುಂಚೆ ಕಲಕಿ, ಆಮೇಲೆ ಚಮಚ ಮುಟ್ಟಬೇಡಿ. ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷಕ್ಕೆ ಅಂಚಿನಲ್ಲಿ ಕಂದು ಬಳೆಯಂತೆ ನೊರೆ ಕಟ್ಟಿ ನಡುವಿಗೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ಕತ್ತಿನ ಮಟ್ಟಕ್ಕೆ ಏರಿದ ಕೂಡಲೇ ಇಳಿಸಿ, ನೊರೆಯನ್ನು ಚಮಚದಲ್ಲಿ ಕಪ್ಪುಗಳಿಗೆ ಹಂಚಿ, ಮತ್ತೊಮ್ಮೆ ಉರಿಗೆ ತೋರಿಸಿ, ಉಳಿದದ್ದನ್ನು ಕಪ್ಪಿನ ಅಂಚಿನಿಂದ ನಿಧಾನಕ್ಕೆ ಬಗ್ಗಿಸಿ.

ನೊರೆ ಬರದಿದ್ದರೆ ಸಾಮಾನ್ಯವಾಗಿ ಪಾತ್ರೆಯದ್ದೇ ತಪ್ಪು. ನಾಲ್ಕು ಕಪ್ಪಿನ ಜೆಜ್ವೆಯಲ್ಲಿ ಒಂದು ಕಪ್ ಮಾಡಿದರೆ ಕಾಫಿ ಅಗಲವಾದ ತಳದಲ್ಲೇ ಉಳಿಯುತ್ತದೆ, ಕತ್ತಿಗೆ ತಲುಪುವುದೇ ಇಲ್ಲ. ಎರಡನೇ ತಪ್ಪು ಕುದಿಸುವುದು. ಒಮ್ಮೆ ಗಳಗಳ ಕುದಿದರೆ ನೊರೆ ಒಡೆದುಹೋಗಿ ಕಹಿ ಮುಂದಾಗುತ್ತದೆ. ಬಿಸಿ ಮರಳಿನಲ್ಲಿ ಜೆಜ್ವೆ ಆಡಿಸುವ ಅಂಗಡಿಗಳು ನೋಡಲು ಚೆಂದ, ಮರಳು ಸುತ್ತಲೂ ಸಮನಾಗಿ ಕಾಯಿಸುವುದೂ ನಿಜ. ಆದರೆ ಮರಳು ವಿಪರೀತ ಕಾದಿದ್ದರೆ ಕಾಫಿ ಅರ್ಧ ನಿಮಿಷದಲ್ಲೇ ಉಕ್ಕಿಬಿಡುತ್ತದೆ, ಪುಡಿಯ ಸಾರ ಮಾತ್ರ ನೀರಿಗೆ ಇಳಿದಿರುವುದಿಲ್ಲ.

ಸಕ್ಕರೆ ಎಷ್ಟೆಂದು ಕಾಫಿಗೆ ಹೇಳುವಾಗಲೇ ತಿಳಿಸಬೇಕು: ಸಾದೆ, ಅಝ್ ಶೆಕೆರ್ಲಿ, ಒರ್ತಾ, ಶೆಕೆರ್ಲಿ. ಮೊದಲನೆಯದಕ್ಕೆ ಸಕ್ಕರೆ ಇಲ್ಲ, ಮುಂದೆ ಹೋದಂತೆ ಸಿಹಿ ಹೆಚ್ಚು. ಆ ಸಾದೆ ನಮ್ಮ ಸಾದಾ ಮಾತಿನ ಪಾರಸಿ ನೆಂಟ, ಶೆಕೆರ್ ನಮ್ಮ ಸಕ್ಕರೆಯ ದೂರದ ನೆಂಟ. ಹಾಗಾಗಿ ಕನ್ನಡಿಗರಿಗೆ ಈ ಪಟ್ಟಿ ಬಾಯಿಪಾಠ ಮಾಡುವ ಕಷ್ಟವಿಲ್ಲ. ಕಾಫಿ ಬಂದ ಮೇಲೆ ಸಕ್ಕರೆ ಕೇಳಿ ಕಲಕಿದರೆ ತಳದ ಗಸಿಯೆಲ್ಲ ಮೇಲೆದ್ದು ಬಾಯಿಗೆ ಬರುತ್ತದೆ. ಜತೆಗೆ ಕೊಡುವ ನೀರನ್ನು ಮೊದಲು ಕುಡಿಯಿರಿ, ಅದು ನಾಲಿಗೆ ತೊಳೆಯಲು. ಒಂದೆರಡು ನಿಮಿಷ ಬಿಟ್ಟು ಕಾಫಿ ಎತ್ತಿಕೊಳ್ಳಿ, ಕೊನೆಯ ಗುಟುಕು ಬಿಡಿ. ಆ ಗಸಿಗೂ ಕೆಲಸವಿದೆ. ತಟ್ಟೆಯ ಮೇಲೆ ಕಪ್ ಬೋರಲು ಹಾಕಿ, ತಣ್ಣಗಾದ ಮೇಲೆ ಅಂಟಿದ ಆಕಾರ ನೋಡಿ ಭವಿಷ್ಯ ಹೇಳುತ್ತಾರೆ. ಹೆಣ್ಣು ಕೇಳಲು ಬಂದವರಿಗೆ ಹುಡುಗಿಯೇ ಕಾಫಿ ಮಾಡಿ ಕೊಡುವುದು, ಹುಡುಗನ ಕಪ್ಪಿಗೆ ಬೇಕೆಂದೇ ಉಪ್ಪು ಹಾಕುವುದು ಇನ್ನೂ ನಡೆಯುತ್ತದೆ. 2013ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದೂ ಕಾಫಿಯ ಸುತ್ತಲಿನ ಈ ಸಂಪ್ರದಾಯವನ್ನೇ. ಒಂದು ಎಚ್ಚರಿಕೆ: ಇದೇ ಪಾತ್ರೆಯಲ್ಲಿ ಇದೇ ಕಾಫಿ ಗ್ರೀಸಿನಲ್ಲೂ ಸಿಗುತ್ತದೆ, ಅಲ್ಲಿ ಅದನ್ನು ಗ್ರೀಕ್ ಕಾಫಿ ಎಂದೇ ಕೇಳಿ.

ಫಿನ್

ಇದು ಸರಳ. ತೂತಿನ ತಟ್ಟೆ, ತೂತಿನ ತಳದ ಲೋಟ, ಪುಡಿ ಒತ್ತುವ ಬಿಲ್ಲೆ, ಮುಚ್ಚಳ, ಇಷ್ಟೇ. ಕುಡಿಯುವ ಲೋಟಕ್ಕೆ ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಹಾಕಿ, ಮೇಲೆ ಫಿನ್ ಕೂರಿಸಿ. 20 ಗ್ರಾಂ ತರಿತರಿ ಪುಡಿ ಹಾಕಿ, ತಟ್ಟಿ ಸಮ ಮಾಡಿ, ಬಿಲ್ಲೆಯನ್ನು ಹಗುರಾಗಿ ಇಡಿ. ಕುದಿ ಇಳಿದ ನೀರು 30 ಮಿಲಿ ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬಲಿ. ಆಮೇಲೆ 90 ಮಿಲಿ. ನಾಲ್ಕರಿಂದ ಆರು ನಿಮಿಷದಲ್ಲಿ ಹನಿ ನಿಲ್ಲಬೇಕು. ಒಂದೇ ನಿಮಿಷದಲ್ಲಿ ಸುರಿದುಹೋದರೆ ಪುಡಿ ತೀರಾ ದಪ್ಪ. ಹನಿಯೇ ಬೀಳದಿದ್ದರೆ ಪುಡಿ ನುಣ್ಣಗಿದೆ ಅಥವಾ ಬಿಲ್ಲೆ ಬಿಗಿಯಾಗಿದೆ. ತಿರುಪಿನ ಬಿಲ್ಲೆಯಾದರೆ ಅರ್ಧ ಸುತ್ತು ಸಡಿಲಿಸಿ. ಇಳಿದ ಮೇಲೆ ಮುಚ್ಚಳವನ್ನು ಮಗುಚಿ ಅದರ ಮೇಲೆ ಫಿನ್ ಇಡಿ, ಮೇಜು ಒದ್ದೆಯಾಗದು. ಕಲಕಿ, ಐಸ್ ತುಂಬಿದ ಇನ್ನೊಂದು ಲೋಟಕ್ಕೆ ಸುರಿಯಿರಿ.

ಕಾಫಿ ಗಿಡ ಅಲ್ಲಿಗೆ ಬಂದದ್ದು 1857ರಲ್ಲಿ, ಫ್ರೆಂಚರ ಜತೆ. ತಾಜಾ ಹಾಲು ಸಿಗದೆ ಡಬ್ಬಿ ಹಾಲು ರೂಢಿಗೆ ಬಂತು. ಹನೋಯ್‌ನ ಮೊಟ್ಟೆ ಕಾಫಿಯೂ 1946ರ ಹಾಲಿನ ಅಭಾವದ ಕೂಸು. ಇಂದು ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಅದರಲ್ಲಿ ಬಹುಪಾಲು ರೊಬಸ್ಟಾ. ಅರೇಬಿಕಾಕ್ಕಿಂತ ಕೆಫೀನ್ ಸುಮಾರು ಎರಡು ಪಟ್ಟು, ಅದೂ 20 ಗ್ರಾಂ ಪುಡಿ! ಸಂಜೆ ಎರಡು ಲೋಟ ಕುಡಿದವರು ರಾತ್ರಿ ಫ್ಯಾನ್ ಎಣಿಸುತ್ತಾ ಮಲಗಬೇಕಾಗುತ್ತದೆ.

ಕೂರುವುದು ಗಿಡ್ಡ ಸ್ಟೂಲಿನ ಮೇಲೆ, ಮುಖ ಬೀದಿಯ ಕಡೆ. ಹನಿ ಬೀಳುವುದನ್ನು ನೋಡುತ್ತಾ ಒಬ್ಬರೇ ಕೂತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಾತು ಬರದ ಪ್ರವಾಸಿಗೆ ಇದು ದೊಡ್ಡ ಆರಾಮ, ಆದರೆ ಯಾರೂ ಮಾತಾಡಿಸದೇ ಇರುವ ಸಾಧ್ಯತೆಯೂ ಅಷ್ಟೇ.

ಜೆಬೆನಾ

ದುಂಡು ತಳ, ಉದ್ದ ಕತ್ತಿನ ಕಪ್ಪು ಮಣ್ಣಿನ ಹೂಜಿ. ತಳ ದುಂಡಗಿರುವುದರಿಂದ ಸಿಂಬೆ ಇಲ್ಲದೆ ನಿಲ್ಲದು. ಕೆಲಸ ಶುರುವಾಗುವುದು ಹಸಿ ಬೀಜದಿಂದ: ನಾಲ್ಕೈದು ಜನಕ್ಕೆ ಒಂದು ದೊಡ್ಡ ಹಿಡಿ, ಹೆಚ್ಚುಕಡಿಮೆ 50 ಗ್ರಾಂ. ತೊಳೆದು, ಕೆಂಡದ ಮೇಲಿನ ಚಪ್ಪಟೆ ಹೆಂಚಿನಲ್ಲಿ ಬಿಡದೆ ಆಡಿಸುತ್ತಾ ಹತ್ತು ಹನ್ನೆರಡು ನಿಮಿಷ ಹುರಿಯುತ್ತಾರೆ. ಬೀಜ ಚಟಪಟ ಸಿಡಿದು, ಹೊಟ್ಟು ಹಾರಿ, ಮೈಮೇಲೆ ಎಣ್ಣೆ ಮಿಂಚಿದಾಗ ಹೆಂಚು ಕೆಳಗಿಳಿಯುತ್ತದೆ. ಆಗ ಮಾಡುತ್ತಿರುವಾಕೆ ಹೆಂಚು ಹಿಡಿದು ಒಬ್ಬೊಬ್ಬರ ಮುಂದೆಯೂ ಬರುತ್ತಾಳೆ, ಕೈಯಿಂದ ಹೊಗೆಯನ್ನು ಮುಖದತ್ತ ಎಳೆದುಕೊಂಡು ವಾಸನೆ ನೋಡಬೇಕು. ಮೊದಲ ಸಲ ಹೋದವರು ಹೊಗೆ ಎಂದು ಮುಖ ತಿರುಗಿಸಿಬಿಡುತ್ತಾರೆ, ಹಾಗೆ ಮಾಡಬಾರದು. ನೆಲದ ಮೇಲೆ ಹಸಿ ಹುಲ್ಲು, ಪಕ್ಕದಲ್ಲಿ ಧೂಪ, ತಿನ್ನಲು ಜೋಳದ ಅರಳು ಅಥವಾ ಕೋಲೋ ಎನ್ನುವ ಹುರಿದ ಬಾರ್ಲಿ.

ಆಮೇಲೆ ಒರಳಲ್ಲಿ ಕುಟ್ಟಿ, ಜೆಬೆನಾದಲ್ಲಿ ಕುದಿಯುವ ನೀರಿಗೆ ಕತ್ತಿನ ಮೂಲಕ ಪುಡಿ ಇಳಿಸುತ್ತಾರೆ. ಕತ್ತಿನಲ್ಲಿ ಉಕ್ಕಿ ಬಂದಾಗ ಸ್ವಲ್ಪ ಹೊರಗೆ ಬಗ್ಗಿಸಿ ಮತ್ತೆ ಒಳಗೆ ಸುರಿಯುತ್ತಾರೆ. ಇಳಿಸಿದ ಮೇಲೆ ಸಿಂಬೆಯ ಮೇಲೆ ಕೊಂಚ ವಾಲಿಸಿ ನಾಲ್ಕೈದು ನಿಮಿಷ ಅಲುಗಾಡಿಸದೆ ಇಟ್ಟರೆ ಗಸಿ ಹೊಟ್ಟೆಯಲ್ಲಿ ಕೂರುತ್ತದೆ. ಹಿಡಿಯಿಲ್ಲದ ಪುಟ್ಟ ಕಪ್ಪುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿ, ಎತ್ತರದಿಂದ ಒಂದೇ ಧಾರೆಯಲ್ಲಿ ಎಲ್ಲಕ್ಕೂ ಸುರಿಯುವುದನ್ನು ಹಲವರು ಕೈಚಳಕ ಎಂದುಕೊಳ್ಳುತ್ತಾರೆ. ಕಾರಣ ಬೇರೆಯೇ ಇದೆ: ಕಪ್ಪಿಗೊಮ್ಮೆ ಹೂಜಿ ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ಪ್ರತಿ ಸಲವೂ ಗಸಿ ಕದಡುತ್ತದೆ.

ಅದೇ ಪುಡಿಗೆ ನೀರು ಸೇರಿಸಿ ಮೂರು ಸುತ್ತು: ಅಬೋಲ್, ತೋನಾ, ಬೆರೆಕಾ. ಮೊದಲನೆಯದು ಕಟು, ಮೂರನೆಯದು ತೆಳು. ಆದರೂ ಬೆರೆಕಾ ಎಂದರೆ ಆಶೀರ್ವಾದ, ಅದಕ್ಕೆ ಮುಂಚೆ ಎದ್ದರೆ ಮನೆಯವರಿಗೆ ಬೇಸರ. ಒಟ್ಟು ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ಅಷ್ಟು ಹೊತ್ತು ಕೂತರೆ ಮಾತು ಬರದಿದ್ದರೂ ಅಕ್ಕಪಕ್ಕದ ಮನೆಯವರು ಬಂದು ಸೇರುವುದು, ಯಾರಿಗೆ ಮೊದಲ ಕಪ್ ಹೋಗುತ್ತದೆ, ಮಕ್ಕಳು ಯಾವಾಗ ಅರಳಿಗೆ ಕೈ ಹಾಕುತ್ತಾರೆ ಎಲ್ಲ ಕಾಣುತ್ತದೆ. ಸಕ್ಕರೆ ಸಾಮಾನ್ಯ, ಕೆಲವೆಡೆ ಉಪ್ಪು ಅಥವಾ ಬೆಣ್ಣೆ. ತೆನಾ ಆದಾಂ ಎಂಬ ಘಾಟು ಸೊಪ್ಪಿನ ಎಸಳನ್ನು ಕಪ್ಪಿಗೆ ಹಾಕಿ ಕೊಟ್ಟರೆ ತೆಗೆಯಬೇಡಿ, ಅದರ ಕಂಪು ಬಿಸಿಯಲ್ಲೇ ಬಿಡುವುದು. ಸಮಯವಿಲ್ಲದವರಿಗೆ ಅಡಿಸ್ ಅಬಾಬಾದ ಬೀದಿಬದಿಯ ಜೆಬೆನಾ ಅಂಗಡಿಗಳಿವೆ. ಕಾಫಿ ಚೆನ್ನಾಗಿಯೇ ಇರುತ್ತದೆ, ಹುರಿಯುವುದು ಮತ್ತು ಮೂರು ಸುತ್ತು ಮಾತ್ರ ಇರುವುದಿಲ್ಲ.

ಯಾವುದು?

ಪ್ರವಾಸದಲ್ಲಿ ಒಂದೇ ಮಧ್ಯಾಹ್ನ ಕೊಡಬಹುದಾದರೆ ಜೆಬೆನಾಕ್ಕೆ ಕೊಡಿ, ಉಳಿದೆರಡು ಅದರ ಹತ್ತಿರ ಬರುವುದಿಲ್ಲ. ಕುಡಿಯುವ ಸುಖಕ್ಕೆ ಮಾತ್ರ ಎಂದರೆ, ಸಿಹಿ ಇಷ್ಟಪಡುವವರು ಐಸ್ ಹಾಕಿದ ಫಿನ್ ಕಾಫಿ ಬಿಟ್ಟು ಏಳುವುದಿಲ್ಲ.

ಮನೆಗೆ ತರುವ ಲೆಕ್ಕ ತಿರುಗುಮುರುಗು. ಫಿನ್ ಹಗುರ, ಒಡೆಯದು, ದಿನಾ ಬಳಕೆಗೆ ಬರುತ್ತದೆ. ಜೆಜ್ವೆಗೆ ವಾರವಿಡೀ ಅಭ್ಯಾಸ ಬೇಕು, ಆದರೆ ಕೈ ಕೂತ ಮೇಲೆ ಅಲ್ಲಿ ಕುಡಿದದ್ದಕ್ಕೂ ಇಲ್ಲಿ ಮಾಡಿದ್ದಕ್ಕೂ ವ್ಯತ್ಯಾಸ ತೀರಾ ಕಡಿಮೆ. ಕೊಳ್ಳುವಾಗ ಎರಡು ಕಪ್ಪಿನದೇ ಕೊಳ್ಳಿ, ಚೆಂದ ಕಂಡಿತೆಂದು ದೊಡ್ಡದು ಬೇಡ. ಜೆಬೆನಾ ತರುವುದಾದರೆ ಬಟ್ಟೆ ತುರುಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಸಿ ಬೀಜ ತರುವ ಮುಂಚೆ ನಿಮ್ಮ ದೇಶದ ಸಸ್ಯ ಕ್ವಾರಂಟೈನ್ ನಿಯಮ ನೋಡಿ, ಬೀಜವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾದೀತು. ಹೊಸ ಜೆಬೆನಾದಲ್ಲಿ ಒಂದೆರಡು ಸಲ ಹಳೇ ಪುಡಿ ಹಾಕಿ ನೀರು ಕುದಿಸಿ ಚೆಲ್ಲಿದರೆ ಮಣ್ಣಿನ ವಾಸನೆ ಹೋಗುತ್ತದೆ. ಕಾದ ಹೂಜಿಗೆ ತಣ್ಣೀರು ಸುರಿದರೆ ಸೀಳುತ್ತದೆ, ಎರಡನೇ ಸುತ್ತಿಗೂ ಬಿಸಿನೀರನ್ನೇ ಹಾಕಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಬಿಸಿನೀರಲ್ಲಿ ಕುಲುಕಿ, ಬೋರಲು ಹಾಕಿ, ಪೂರ್ತಿ ಆರಿದ ಮೇಲೆಯೇ ಎತ್ತಿಡಿ. ಒಳಗೆ ತೇವ ಉಳಿದರೆ ಮುಂದಿನ ಅಬೋಲ್‌ಗೆ ಬೂಷ್ಟಿನ ವಾಸನೆ.