ಕಾಫಿ ಕಣದ ರೋಬಾಟಿಗೆ ಹೊಸ ಕಣ್ಣು: ರಿಯಲ್‌ಸೆನ್ಸ್ ಡಿ455

ನಾಪೋಕ್ಲು ಸಮೀಪದ ನಮ್ಮ ತೋಟದ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೆದಕಿ ತಿರುವಲೆಂದು ನಾನು ಮನೆಯಲ್ಲೇ ಕಟ್ಟಿದ ರೋಬಾಟಿಗೆ ಮೂರು ವರ್ಷ ಎರಡು ಸಾಮಾನ್ಯ ವೆಬ್‌ಕ್ಯಾಮ್‌ಗಳೇ ಕಣ್ಣಾಗಿದ್ದವು. ಕಳೆದ ಕೊಯ್ಲಿಗೆ ಮುನ್ನ ಅವುಗಳ ಜಾಗಕ್ಕೆ ರಿಯಲ್‌ಸೆನ್ಸ್ ಡಿ455 ಸ್ಟೀರಿಯೋ ಕ್ಯಾಮೆರಾ (ಎಡಬಲದ ಎರಡು ಚಿತ್ರಗಳನ್ನು ಹೋಲಿಸಿ ದೂರ ಅಳೆಯುವಂಥದ್ದು) ಅಳವಡಿಸಿ, ಒಂದು ಹಂಗಾಮು ಪೂರ್ತಿ ಬಳಸಿದ್ದೇನೆ.

ವೆಬ್‌ಕ್ಯಾಮ್‌ಗಳನ್ನು ಹಲಸಿನ ಹಲಗೆಯ ಮೇಲೆ 6 ಸೆಂ.ಮೀ. ಅಂತರದಲ್ಲಿ ಕೂರಿಸಿದ್ದೆ. ಬೇಸಿಗೆಯಲ್ಲಿ ಚದುರಂಗದ ಮನೆಗಳ ಹಾಳೆ ಹಿಡಿದು ಎಷ್ಟೇ ಜಾಗ್ರತೆಯಿಂದ ಕ್ಯಾಲಿಬ್ರೇಶನ್ (ಎರಡೂ ಕ್ಯಾಮೆರಾಗಳ ಅಳತೆ ಹೊಂದಿಸುವ ಕೆಲಸ) ಮಾಡಿದ್ದರೂ, ನಮ್ಮ ಮಳೆಗಾಲದ ತೇವಕ್ಕೆ ಹಲಗೆ ಕೂದಲೆಳೆಯಷ್ಟು ಬಾಗಿದರೆ ಸಾಕು, ಎಡಬಲದ ಚಿತ್ರಗಳು ಹೊಂದಿಕೊಳ್ಳದೆ ದೂರದ ಲೆಕ್ಕವೆಲ್ಲ ತಪ್ಪುತ್ತಿತ್ತು. ಎರಡೂ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯುತ್ತಲೂ ಇರಲಿಲ್ಲ. ಸೆಕೆಂಡಿಗೆ 30 ಚಿತ್ರಗಳಿರುವಾಗ ಒಂದು ಚಿತ್ರ ಹಿಂದುಳಿದರೆ 33 ಮಿಲಿಸೆಕೆಂಡು ಕಳೆದಿರುತ್ತದೆ. ರೋಬಾಟ್ ತಿರುಗುತ್ತಿದ್ದರೆ ಅಷ್ಟರಲ್ಲೇ ನೋಟ ಬದಲಾಗಿರುತ್ತದೆ.

ಡಿ455ರಲ್ಲಿ ಎರಡು ಸೆನ್ಸರ್‌ಗಳು ಒಂದೇ ಗಟ್ಟಿ ಚೌಕಟ್ಟಿನಲ್ಲಿ 95 ಮಿ.ಮೀ. ಅಂತರದಲ್ಲಿವೆ, ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಬಾರಿಗೆ ಹಿಡಿಯುವ ವ್ಯವಸ್ಥೆ) ಇರುವ ಇವೆರಡೂ ಒಟ್ಟಿಗೇ ಚಿತ್ರ ಹಿಡಿಯುತ್ತವೆ. ಸ್ಟೀರಿಯೋ ಅಳತೆಯ ತಪ್ಪು ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ (ದೂರ ಇಮ್ಮಡಿಯಾದರೆ ತಪ್ಪು ನಾಲ್ಕು ಪಟ್ಟು), ಕಣ್ಣುಗಳ ನಡುವಿನ ಅಂತರ ಹೆಚ್ಚಿದಂತೆ ಇಳಿಯುತ್ತದೆ. ಆದ್ದರಿಂದ ಚಿತ್ರದ ಸ್ಪಷ್ಟತೆಗಿಂತ ಈ ಅಂತರಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಾಲ್ಕು ಮೀಟರ್ ಆಚೆಗಿನ ಕಣದ ಅಂಚು ಈಗ ಅಲುಗಾಡದೆ ಕಾಣುತ್ತದೆ. ಬಿಸಿಲಿಗೆ ಬೆಚ್ಚಗಾದ ಕಾಫಿಯ ಮೇಲೆ ಮಲಗಿದ್ದ ನಮ್ಮ ನಾಯಿಯನ್ನು ಕಂಡು ರೋಬಾಟ್ ಒಂದು ಮೀಟರ್ ದೂರದಲ್ಲೇ ನಿಂತ ದಿನ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಕಾಫಿ ಹರಡದ ನುಣುಪಾದ ಸಿಮೆಂಟು ನೆಲದಲ್ಲಿ ಗುರುತು ಹಿಡಿಯಲು ಏನೂ ಇಲ್ಲದೆ ವೆಬ್‌ಕ್ಯಾಮ್‌ಗಳು ಸೋಲುತ್ತಿದ್ದವು. ಡಿ455ರ ಇನ್‌ಫ್ರಾರೆಡ್ ಪ್ರೊಜೆಕ್ಟರ್ ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳನ್ನು ಚೆಲ್ಲಿ ಆ ಕೊರತೆ ತುಂಬುತ್ತದೆ. ನಡುಹಗಲ ಬಿಸಿಲಿನಲ್ಲಿ ಚುಕ್ಕೆಗಳು ಮಂಕಾಗುತ್ತವಾದರೂ, ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲ್ ಹೊದಿಸುವ ಹೊತ್ತಿಗೆ ಅವುಗಳ ಉಪಕಾರ ತಿಳಿಯುತ್ತದೆ.

ಚಿತ್ರದ ಗಾತ್ರ 1280×720 ಪಿಕ್ಸೆಲ್ ಇದ್ದಾಗ ಸುಮಾರು ಅರ್ಧ ಮೀಟರಿಗಿಂತ ಹತ್ತಿರದ್ದನ್ನು ಇದು ಅಳೆಯುವುದಿಲ್ಲ. 848×480ಕ್ಕೆ ಇಳಿಸಿದರೆ ಸುಮಾರು 35 ಸೆಂ.ಮೀ.ವರೆಗೆ ಅಳೆಯುತ್ತದೆ, ನಾನು ಹಾಗೆಯೇ ಇಟ್ಟಿದ್ದೇನೆ. ದೂರದ ಲೆಕ್ಕವನ್ನು ಕ್ಯಾಮೆರಾವೇ ಮಾಡುವುದರಿಂದ ರೋಬಾಟಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ಕ್ಕೆ ಹೊರೆಯಾಗಿಲ್ಲ. ಕೇಬಲ್ ಮಾತ್ರ ಯುಎಸ್‌ಬಿ 3ರದ್ದೇ ಇರಬೇಕು.

ಇದಕ್ಕೆ ನೀರಿನಿಂದ ರಕ್ಷಣೆ ಇಲ್ಲವೆಂದು ಮೊದಲು ಮುಂಭಾಗಕ್ಕೂ ಅಕ್ರಿಲಿಕ್ ಹಾಳೆ ಹಾಕಿದ್ದೆ. ಪ್ರೊಜೆಕ್ಟರಿನ ಬೆಳಕು ಅದಕ್ಕೆ ಬಡಿದು ಮಸೂರಕ್ಕೇ ಮರಳಿ ಬಂದು, ಇಲ್ಲದ ಅಡ್ಡಿಗಳು ಕಾಣತೊಡಗಿದವು. ಈಗ ಮೇಲೊಂದು ಸೂರು ಮಾತ್ರ ಇದೆ. ಮುಂಗಾರಿನಲ್ಲೂ ಹೊರಗೆ ಓಡಿಸುವವರು ಐಪಿ65 (ದೂಳು, ನೀರಿನ ಸಿಂಚನ ತಡೆಯುವ ಮಟ್ಟ) ರಕ್ಷಣೆಯಿರುವ, ಇದೇ ಸರಣಿಯ ಡಿ457ನ್ನು ನೋಡಬಹುದು, ಆದರೆ ಅದರ ಸಂಪರ್ಕ ಬೇರೆ ಬಗೆಯದು.